ಮೂರನೆಯ ದಾರ

ಗೋಣಿಚೀಲದೊಳಗೆ ಮೂರು ಗಾಳಿಪಟಗಳಿದ್ದವು. ಕಾರವಾರದ ಕಡೆಯಿಂದ ಬಂದ ಬಸ್ಸಿನ ಟಾಪಿನಿಂದ ಆ ಚೀಲವನ್ನು ಎಡಗೈಯಲ್ಲೇ ಇಳಿಸಿಕೊಂಡೆ. ಬಲಗೈಯನ್ನು ಭುಜದ ಮೇಲಕ್ಕೆ ಎತ್ತುವ ಹಾಗಿರಲಿಲ್ಲ. ಆಷಾಢದ ಗಾಳಿ ಜೋರಾಗಿತ್ತು. ಹುಕ್ಕೇರಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು ತನ್ನ ತಗಡು ಹಾರಿಹೋಗದಂತೆ ಅದರ ಮೇಲೆ ಕಲ್ಲು ಹೇರುತ್ತಿದ್ದ. "ಏನ್ರಿ ಅದು, ಟೆಂಟೇನು?" ಎಂದು ಕೇಳಿದ. "ಪತಂಗ" ಎಂದೆ. ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ವಯಸ್ಸೆಷ್ಟ್ರಿ ನಿಮಗ?" ಎಂದ.

ನನಗೆ ನಗು ಬರಲಿಲ್ಲ. ಆ ಚೀಲದಲ್ಲಿ ನನ್ನ ಅನ್ನ ಇತ್ತು.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು ಅವು. ಕಾಲಿಗೆ ಹಲಗೆ, ಸೊಂಟಕ್ಕೆ ದೊಡ್ಡ ಗಾಳಿಪಟ ಸಿಕ್ಕಿಸಿಕೊಂಡು, ಪಟ ಎಳೆದ ಕಡೆ ನೀರಿನ ಮೇಲೆ ಓಡುವ ಕೈಟ್‌ಬೋರ್ಡಿಂಗ್ ಎಂಬ ಆಟವನ್ನು ನಾನು ಕರಾವಳಿಯ ಒಂದು ತರಬೇತಿ ಕೇಂದ್ರದಲ್ಲಿ ಕಲಿತು, ಅಲ್ಲೇ ಕಲಿಸುವವನಾಗಿದ್ದೆ. ಮೂಡಲಗಿಯ ಎರೆಹೊಲದಲ್ಲಿ ಬೆಳೆದವನಿಗೆ ಸಮುದ್ರ ಒಲಿದದ್ದೇ ದೊಡ್ಡದು. ಆಮೇಲೆ ಒಂದು ದಿನ ಬಿರುಗಾಳಿ ಬಂದು ನನ್ನ ಬಲಭುಜದ ಕೀಲು ಕಳಚಿತು. ಹಾಕಿದರು, ಮತ್ತೆ ಕಳಚಿತು. ಇನ್ನು ನೀರಿಗಿಳಿಯಬೇಡ ಎಂದರು ಡಾಕ್ಟರು.

ಕೇಂದ್ರದ ಮಾಲಕ ಕೆಟ್ಟವನಲ್ಲ. ಮಾತು ಕಡಿಮೆ, ಅಷ್ಟೇ. ಆಸ್ಪತ್ರೆಗೆ ಬಂದು ಹಾಸಿಗೆಯ ಪಕ್ಕ ನಿಂತು, "ಪಟದಿಂದ ಬಿಡಿಸಿಕೊಳ್ಳುವ ಗುಂಡಿ ನಿನ್ನ ಎದೆಯ ಮೇಲೇ ಇತ್ತಲ್ಲ ಮಾರಾಯ, ಒತ್ತಬಾರದಿತ್ತಾ" ಎಂದಿದ್ದ. ಆಮೇಲೆ ಒಂದು ದಾರಿ ತೋರಿಸಿದ. ಮಳೆಗಾಲದಲ್ಲಿ ಸಮುದ್ರ ಯಾರನ್ನೂ ಹತ್ತಿರ ಸೇರಿಸುವುದಿಲ್ಲ, ಕೇಂದ್ರ ಮುಚ್ಚಿರುತ್ತದೆ. ಅದೇ ಹೊತ್ತಿಗೆ ನಮ್ಮ ಹಿಡಕಲ್ ಜಲಾಶಯದ ಹಿನ್ನೀರಿನಲ್ಲಿ ಗಾಳಿಯೂ ಉಂಟು, ಅಲೆಯ ಕಾಟವೂ ಇಲ್ಲ. "ಅಲ್ಲಿಯ ಜನ ಕಲಿಯುತ್ತಾರೆ ಅಂತ ತೋರಿಸು. ಮೂರು ಕಲಿಕೆಯ ಪಟ ಕೊಟ್ಟು ಕಳಿಸುತ್ತೇನೆ, ಒಂದನ್ನು ಆರಿಸು. ಅದರಲ್ಲಿ ಒಬ್ಬರನ್ನು ತಯಾರು ಮಾಡು. ಶ್ರಾವಣದಲ್ಲಿ ಬಂದು ನೋಡುತ್ತೇನೆ. ಸರಿ ಕಂಡರೆ ದಂಡೆಯ ಮೇಲೆ ಕಲಿಸುವವನು ನೀನು. ಸರಿ ಕಾಣದಿದ್ದರೆ ನಿನಗೆ ಕೊಡುವ ಕೆಲಸ ನನ್ನ ಹತ್ತಿರ ಬೇರೆ ಇಲ್ಲ."

ಕಲಿಕೆಯ ಪಟ ಎಂದರೆ ದೊಡ್ಡ ಪಟದ ಮರಿ. ಯಾರನ್ನೂ ನೇರವಾಗಿ ನೀರಿಗಿಳಿಸುವುದಿಲ್ಲ. ಮೊದಲು ನೆಲದ ಮೇಲೆ ನಿಲ್ಲಿಸಿ, ಈ ಮರಿಯನ್ನು ಕೈಗೆ ಕೊಟ್ಟು, ಗಾಳಿ ಎಲ್ಲಿ ಎಳೆಯುತ್ತದೆ, ಎಲ್ಲಿ ಎಳೆಯುವುದಿಲ್ಲ ಎಂದು ಮೈಗೆ ಕಲಿಸುತ್ತೇವೆ. ಪಟ ತೀರ ಸಣ್ಣದಾದರೆ ಕಲಿಯುವವನಿಗೆ ಏನೂ ತಿಳಿಯುವುದಿಲ್ಲ. ದೊಡ್ಡದಾದರೆ ಕಲಿಯುವವನೇ ಉಳಿಯುವುದಿಲ್ಲ. ಆಯ್ಕೆ ಇಷ್ಟೇ, ಆದರೆ ಇದರಲ್ಲಿ ತಪ್ಪಿದರೆ ಎಲ್ಲ ತಪ್ಪಿತು.

ದಡ್ಡಿಯ ಹತ್ತಿರ, ಹಿನ್ನೀರಿನ ದಂಡೆಗೆ ಹತ್ತಿಕೊಂಡ ಬೀಳುಹೊಲ ಒಂದು ಸಿಕ್ಕಿತು. ಅದು ಗೋಕಾಕದಲ್ಲಿ ಬಟ್ಟೆ ಅಂಗಡಿ ಇರುವ ಜೈನ ಮನೆತನದ್ದು. ಹೊಲ ನೋಡಿಕೊಳ್ಳುತ್ತಿದ್ದ ಹಿರಿಯರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. "ಉಳಾಕ ಇನ್ನೂ ಹಸಿ ಐತಿ. ಹಾರಸ್ಕೋರಿ" ಎಂದು ಒಂದೇ ಮಾತಿಗೆ ಒಪ್ಪಿದರು. ಅವರ ಅಣ್ಣನ ಮಗ, ಇಪ್ಪತ್ತೆರಡರ ತರುಣ, ಗೋಕಾಕದ ಪತಂಗದ ಹುಲಿ. ಅವನೇ ನನ್ನ ಮೊದಲ ಶಿಷ್ಯ. ಎರಡನೆಯವಳು ದಡ್ಡಿಯವಳೇ, ಕುರಿ ಕಾಯುವ ಮನೆತನದ ಹುಡುಗಿ. ಬೆಳಿಗ್ಗೆ ಹಾಲಿನ ಡೇರಿಯಲ್ಲಿ ಹಾಲು ಅಳೆದು ಮುಗಿಸಿ ಬರುತ್ತಿದ್ದಳು. ಹಿನ್ನೀರಿನಲ್ಲಿ ಮೀನಿನ ಹಾಗೆ ಈಜುತ್ತಿದ್ದಳು. ಯಾಕೆ ಕಲಿಯುತ್ತೀ ಎಂದರೆ, "ನೀರ ಮ್ಯಾಲ ಓಡ್ತಾರಂತಲ್ರಿ, ಖರೇನ ಸುಳ್ಳ ನೋಡೋಣಂತ" ಎಂದಳು.

ಮೊದಲು ಸಣ್ಣ ಪಟ ಬಿಚ್ಚಿದೆ. ಎರಡು ದಾರ, ಎರಡು ಹಿಡಿಕೆ, ಬಟ್ಟೆಯ ಚೀಲಗಳನ್ನು ಸಾಲಾಗಿ ಹೊಲಿದಂಥ ಮೈ. ಬಾಯಲ್ಲಿ ಗಾಳಿ ತುಂಬಿದರೆ ಉಬ್ಬಿ ಏಳುತ್ತದೆ. ಬಲಗಡೆ ಎಳೆದರೆ ಬಲಕ್ಕೆ, ಎಡಗಡೆ ಎಳೆದರೆ ಎಡಕ್ಕೆ. ಕಡಲತೀರದ ಸಮನಾದ ಗಾಳಿಯಲ್ಲಿ ಅದು ಮುದ್ದಾಗಿ ಹಾರುತ್ತಿತ್ತು. ಇಲ್ಲಿ ಗುಡ್ಡ ದಾಟಿ ಬರುವ ಗಾಳಿ ಒಂದು ಉಸಿರು ಇದ್ದರೆ ಇನ್ನೊಂದು ಉಸಿರು ಇಲ್ಲ. ಪಟ ನೊಣದ ಹಾಗೆ ಗಿರಗಿರ ಸುತ್ತಿ ನೆಲಕ್ಕೆ ಮೂಗು ಕುಟ್ಟುತ್ತಿತ್ತು. ಎಬ್ಬಿಸಿದೆವು, ಬಿತ್ತು. ಮತ್ತೆ ಎಬ್ಬಿಸಿದೆವು, ಮತ್ತೆ ಬಿತ್ತು. ಕೆಸರಿನಲ್ಲಿ ದಾರ ಒರೆಸುವುದೇ ಒಂದು ಕೆಲಸವಾಯಿತು. ದಂಡೆಯ ಮೇಲೆ ಸೇರುತ್ತಿದ್ದ ಮಂದಿ ನಕ್ಕರು.

"ಸರ್, ಇದು ಕೂಸಿನ ಪತಂಗ ಐತ್ರಿ. ನಮ್ಮ ಕೈಗೆ ಜಗ್ಗೂದ ಗೊತ್ತಾಗವಲ್ದು. ದೊಡ್ಡದ ತಗೀರಿ" ಎಂದ ಗೋಕಾಕದವನು.

ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ. ನನ್ನ ದಿನಗಳು ಹೋಗುತ್ತಿದ್ದವು, ತೂರುವುದಕ್ಕೆ ಒಂದು ಕಾಳೂ ಬಿದ್ದಿರಲಿಲ್ಲ. ದೊಡ್ಡದನ್ನು ತೆಗೆದೆ.

ಆಗಲೂ ಕ್ರಮ ತಪ್ಪಿಸಲಿಲ್ಲ. ಎರಡೂ ದಾರಗಳನ್ನು ಬೇವಿನ ಮರಕ್ಕೆ ಕಟ್ಟಿ ಎಳೆದು, ಒಂದು ಇನ್ನೊಂದಕ್ಕಿಂತ ಉದ್ದವಾಗಿಲ್ಲ ಎಂದು ನೋಡಿದೆ. ಉದ್ದ ಹೆಚ್ಚುಕಮ್ಮಿಯಾದರೆ ಪಟ ಒಂದೇ ಕಡೆ ಎಳೆಯುತ್ತದೆ. ಗಾಳಿ ಬಡಿದಾಗ ಪಟವನ್ನು ನೆತ್ತಿಯ ಮೇಲೆ ತಂದುಕೊಳ್ಳಬೇಕು, ಅಲ್ಲಿ ಎಳೆತ ಕಡಿಮೆ ಎಂದೆ. ಎದುರಿಗೆ ತಗ್ಗಿನಲ್ಲಿ ಬಂದರೆ ಎಳೆದುಕೊಂಡು ಹೋಗುತ್ತದೆ ಎಂದೆ. ಎಳೆದುಕೊಂಡು ಹೊರಟರೆ ಕೈ ಬಿಡಬೇಕು ಎಂದೆ. ಇಬ್ಬರೂ ಗೋಣು ಹಾಕಿದರು.

ದೊಡ್ಡ ಪಟ ಅವನ ಕೈಯಲ್ಲಿ ಚೆಂದ ಎದ್ದಿತು. ಅವನ ಮುಖ ಅರಳಿದ್ದು ನೋಡಿ ನನಗೂ ಜೀವ ಬಂತು. ಅಷ್ಟರಲ್ಲಿ ಗುಡ್ಡದ ಆಚೆಯಿಂದ ಒಂದು ಹೊಡೆತ ಬಂತು. ಪಟ ನೆತ್ತಿಯಿಂದ ಜಾರಿ ಎದುರಿಗೆ ಬಿತ್ತು, ಎಳೆಯಿತು. ಪತಂಗದ ಅಭ್ಯಾಸದವನು ಏನು ಮಾಡಬೇಕೋ ಅದನ್ನೇ ಮಾಡಿದ. ಎರಡೂ ಕೈಯನ್ನು ಎದೆಗೆ ಎಳೆದುಕೊಂಡ. ನಮ್ಮ ಪತಂಗಕ್ಕೆ ಅದು ಮದ್ದು, ಈ ಪಟಕ್ಕೆ ಬೆಂಕಿಗೆ ತುಪ್ಪ.

"ಬಿಡೋ!" ಎಂದು ಕೂಗಿದೆ.

"ಹೆಂಗ ಬಿಡ್ಲ್ರಿ, ಪತಂಗ ಹೋಗ್ತೈತಿ!" ಎಂದು ಓಡುತ್ತ ಓಡುತ್ತಲೇ ಉತ್ತರ ಕೊಟ್ಟ. ಆಮೇಲೆ ಓಡುವುದೂ ನಿಂತು, ಹೊಟ್ಟೆಯ ಮೇಲೆ ಎಳೆದುಕೊಂಡು ಹೋಗಿ, ಹೊಲದ ಒಡ್ಡಿಗೆ ಬಡಿದ. ಹತ್ತಿರ ಹೋಗಿ ನೋಡಿದರೆ ಹಿಡಿಕೆಯ ಪಟ್ಟಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದ. ಪತಂಗದ ಮಾಂಜಾ ದಾರ ಸುತ್ತಿಕೊಳ್ಳುವ ಹಾಗೆ. ಎಡಗೈ ಮುರಿದಿತ್ತು.

ಎತ್ತಿಕೊಂಡು ಟೆಂಪೋದಲ್ಲಿ ಗೋಕಾಕಕ್ಕೆ ಹೋದೆವು. ಅವನ ಕೈಗೆ ಪ್ಲಾಸ್ಟರ್ ಹಾಕುವ ತನಕ ಹೊರಗೆ ಕೂತಿದ್ದೆ. ಆ ಮನೆಯವರ ಮುಖ ಹೇಗೆ ನೋಡಲಿ? ಹೊಲ ಹೋಯಿತು, ಕೆಲಸ ಹೋಯಿತು, ಅದಕ್ಕಿಂತ ಮೊದಲು ಒಬ್ಬ ತಾಯಿಯ ಮಗನ ಕೈ ಹೋಯಿತು. ಎದ್ದು ಓಡಿಹೋಗಬೇಕು ಅನ್ನಿಸಿತು. ಎಲ್ಲಿಗೆ ಎಂದು ಮಾತ್ರ ತಿಳಿಯಲಿಲ್ಲ. ಕಾಯಿನ್ ಬೂತಿನಿಂದ ಮಾಲಕನಿಗೆ ಫೋನು ಮಾಡಿದೆ.

"ಕೈ ಬಿಡು ಅಂತ ಹೇಳಿದ್ದೆಯಾ?" ಎಂದ.

"ಹೇಳಿದ್ದೆ. ಬಿಡಲಿಲ್ಲ."

"ನೀನೂ ಬಿಟ್ಟಿರಲಿಲ್ಲ" ಎಂದ. ಫೋನು ಇಟ್ಟ.

ಮರುದಿನ ಕಾಕಾ ಬಂದರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದೆ. ಅವರ ಜೊತೆ ಬೀಗರೋ ಬಂಧುಗಳೋ ಇಬ್ಬರು ಹಿರಿಯರಿದ್ದರು. ಕಾಕಾ ಅವರಿಗೆ ಒಡ್ಡು ತೋರಿಸಿ, "ಅಲ್ಲಿಂದ ಇಲ್ಲೀತನಕ ಎಳಕೊಂಡ ಬಂದೈತಿ ನೋಡ್ರಿ. ಕೈ ಮುರದ್ರೂ ಹುಡುಗ ದಾರ ಬಿಟ್ಟಿಲ್ಲ!" ಎಂದರು. ಬಂದವರು ಒಡ್ಡನ್ನು ನೋಡಿ, "ಭಲೆ" ಎಂದರು. ಕೈ ಮುರಿದದ್ದಕ್ಕೆ ಅವರಿಗೆ ನೋವಿತ್ತು, ದಾರ ಬಿಡದಿದ್ದಕ್ಕೆ ಹೆಮ್ಮೆ ಇತ್ತು. ಆಮೇಲೆ ನನ್ನ ಕಡೆ ತಿರುಗಿದಾಗ ಕಾಕಾರ ದನಿ ಬೇರೆಯಾಗಿತ್ತು.

"ಮಾಸ್ತರ, ಅವ ತಾನಽ ಕೇಳಿ ದೊಡ್ಡದ ಹಿಡದಾನ, ಹೇಳ್ಯಾನ. ನಿಮ್ಮ ಮ್ಯಾಲ ಸಿಟ್ಟಿಲ್ಲ. ಆದ್ರ ಇನ್ನೊಬ್ಬರ ಮೈಗೆ ಏನರ ಆದ್ರ ಈ ಹೊಲದಾಗ ಕಾಲ ಇಡಬ್ಯಾಡ್ರಿ."

ಅವರು ಹೋದ ಮೇಲೆ ಅದೇ ಒಡ್ಡಿನ ಮೇಲೆ ಕೂತೆ. ನಮ್ಮ ಕಡೆ ಪತಂಗದ ಧರ್ಮ ಎರಡೇ ಮಾತು. ದಾರ ಬಿಟ್ಟವ ಸೋತ. ದಾರ ಹರಿದ ಪತಂಗ ಹಿಡಿದವನದು. ನಡೆಯಲು ಕಲಿಯುವ ಮೊದಲೇ ಈ ಎರಡನ್ನೂ ಕಲಿತಿರುತ್ತೇವೆ. ಇಂಥವರಿಗೆ 'ಕೈ ಬಿಡಿ' ಎಂದು ಬಾಯಲ್ಲಿ ಹೇಳಿದರೆ ಗೋಣು ಹಾಕುತ್ತಾರೆ. ಗಾಳಿ ಬಂದಾಗ ಕೈ ಮಾತ್ರ ತನ್ನ ಧರ್ಮವನ್ನೇ ಪಾಲಿಸುತ್ತದೆ. ಕಡಲತೀರಕ್ಕೆ ಬರುತ್ತಿದ್ದ ಪ್ರವಾಸಿಗಳಿಗೆ ಈ ರೋಗ ಇರಲಿಲ್ಲ, ಹೆದರಿದೊಡನೆ ಬಿಡುತ್ತಿದ್ದರು. ನಾನು ಪಟ ಆರಿಸುತ್ತಿದ್ದದ್ದು ಅವರನ್ನು ಮನಸ್ಸಿನಲ್ಲಿಟ್ಟು. ಅಳತೆ ನೋಡಿದ್ದೆ, ಎಳೆತ ನೋಡಿದ್ದೆ. ಹಿಡಿಯುವ ಕೈ ಯಾರದು ಎಂದು ನೋಡಿರಲಿಲ್ಲ.

ಚೀಲದ ತಳದಲ್ಲಿ ಮೂರನೆಯದು ಬಿದ್ದಿತ್ತು. ಅಳತೆಯಲ್ಲಿ ನಡುವಿನದು. ಎರಡು ಹಿಡಿಕೆಯ ಬದಲು ಒಂದು ಅಡ್ಡಕೋಲು. ಎರಡು ದಾರದ ಬದಲು ಮೂರು. ಮೂರನೆಯ ದಾರ ಪಟದ ಹಿಂಬದಿಯ ಅಂಚಿನಿಂದ ಬಂದು ಮಣಿಕಟ್ಟಿನ ಪಟ್ಟಿಗೆ ಸೇರುತ್ತದೆ. ಕೋಲು ಬಿಟ್ಟರೆ ಎರಡು ದಾರ ಸಡಿಲವಾಗಿ, ಈ ಮೂರನೆಯದು ಬಿಗಿಯಾಗಿ, ಪಟ ಹಿಂದಿನಿಂದ ಮಡಚಿಕೊಂಡು ಸತ್ತ ಹಕ್ಕಿಯ ಹಾಗೆ ಬೀಳುತ್ತದೆ. ಹಾರಿಹೋಗುವುದಿಲ್ಲ. ಮೂರು ದಾರ ಮೂರು ಪಟ್ಟು ಗಂಟು ಎಂದು ನಾನು ಅದನ್ನು ಬಿಚ್ಚಿಯೂ ನೋಡಿರಲಿಲ್ಲ.

ಈಗ ಬಿಚ್ಚಿದೆ. ಅದು ಏಳಲೇ ಇಲ್ಲ. ಒಂದಾಳು ಎತ್ತರ ಏರುವುದು, ಹಿಂದಕ್ಕೆ ಕುಸಿಯುವುದು. ಇಡೀ ದಿನ ಹೀಗೇ ಹೋಯಿತು. ಡೇರಿಯ ಹುಡುಗಿ ಪಟ ಎತ್ತಿ ಹಿಡಿದು ಹಿಡಿದು ಸುಸ್ತಾಗಿ, "ಇದಕ್ಕ ಹಾರೂ ಮನಸ್ಸಽ ಇಲ್ರಿ ಸರ್" ಎಂದಳು. ಮಾರನೆಯ ದಿನ ಅವಳೂ ಬರುವುದಿಲ್ಲ ಎಂದು ಖಾತ್ರಿಯಾಯಿತು. ಮೂಡಲಗಿಗೆ ಹೋಗಿ ಅಣ್ಣನ ಹತ್ತಿರ ಹೊಲದ ಕೆಲಸ ಕೇಳುವುದು ಹೇಗೆ ಎಂದು ಮಾತುಗಳನ್ನು ಜೋಡಿಸತೊಡಗಿದ್ದೆ.

ಆದರೂ ಹಳೆಯ ಅಭ್ಯಾಸ, ಬೆಳಿಗ್ಗೆ ಎರಡನ್ನೇ ನೋಡಿದ್ದವನು ಮಡಚುವ ಮೊದಲು ಮೂರೂ ದಾರಗಳನ್ನು ಬೇವಿನ ಮರಕ್ಕೆ ಕಟ್ಟಿ ಎಳೆದು ನೋಡಿದೆ. ಎರಡು ಸಮ. ಮೂರನೆಯದು ಗೇಣುದ್ದ ಕಡಿಮೆ. ಹಾರುವಾಗ ಸಡಿಲವಾಗಿರಬೇಕಾದ ದಾರ ಮೊದಲಿನಿಂದಲೇ ಪಟದ ಬಾಲ ಹಿಡಿದು ಎಳೆಯುತ್ತಿತ್ತು. ಪಾಪ, ಅದು ಏಳುವುದಾದರೂ ಹೇಗೆ? ಗಂಟು ಬಿಚ್ಚಿ ಗೇಣಿಗಿಂತ ಒಂದಿಷ್ಟು ಹೆಚ್ಚೇ ಬಿಟ್ಟೆ. ಹೆಚ್ಚು ಬಿಟ್ಟರೆ ಕೋಲು ಬಿಟ್ಟಾಗ ಪಟ ಸಾಯುವುದಿಲ್ಲ, ಕಡಿಮೆ ಬಿಟ್ಟರೆ ಏಳುವುದಿಲ್ಲ. ಬಿಡುವುದು, ಕಟ್ಟುವುದು, ಹಾರಿಸುವುದು, ಮತ್ತೆ ಬಿಚ್ಚುವುದು. ಕೊನೆಗೆ ಪಟ ನೆತ್ತಿಯ ಮೇಲೆ ಹೋಗಿ ನಿಂತಿತು. ಕೋಲು ಬಿಟ್ಟೆ. ಮೆತ್ತಗೆ ಬಿತ್ತು. ಹೊಲದಲ್ಲಿ ಯಾರೂ ಇಲ್ಲದ್ದರಿಂದ ಸ್ವಲ್ಪ ಹೊತ್ತು ಅತ್ತೆ.

ಹುಡುಗಿ ಮಾರನೆಯ ದಿನವೂ ಬಂದಳು. ಆಗಲೇ ಒಂದು ತೀರ್ಮಾನ ಮಾಡಿದ್ದೆ. ಹಾರಿಸುವುದು ಆಮೇಲೆ, ಮೊದಲು ಬಿಡುವುದು. ಪಟ ಎದ್ದೊಡನೆ ಕೋಲು ಬಿಡಬೇಕು. ಎಬ್ಬಿಸು, ಬಿಡು. ಎಬ್ಬಿಸು, ಬಿಡು.

"ಹಾರೂದ್ರಾಗ ಬಿಡೂದೇನ್ರಿ ಇದು? ಮಂದಿ ನಗತಾರ" ಎಂದಳು. ಬಿಟ್ಟಳು, ಆದರೆ ಮನಸ್ಸಿಲ್ಲದೆ ಬಿಟ್ಟಳು. ಒಂದು ಗಳಿಗೆ ತಡ. ಆ ಒಂದು ಗಳಿಗೆಯಲ್ಲೇ ಭುಜ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

ಸಾಲದ್ದಕ್ಕೆ ಧರ್ಮದ ಎರಡನೆಯ ಮಾತು ಬಂದು ಅಡ್ಡ ನಿಂತಿತು. ಅವಳು ಕೋಲು ಬಿಟ್ಟು ಪಟ ಕೆಳಗೆ ಬರುತ್ತಲೇ, ದಂಡೆಯ ಮಂದಿ "ಹೋತು, ಹೋತು!" ಎಂದು ಕೂಗಿ ಒಂದೇ ಉಸಿರಿಗೆ ಓಡಿ ಬಂದರು. ಹರಿದ ಪತಂಗ ಹಿಡಿದವನದು ತಾನೆ! ದೊಡ್ಡ ಮೀಸೆಯ ಒಬ್ಬ ಗೃಹಸ್ಥರು ಪಂಚೆ ಎತ್ತಿ ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ ಬಂದು ಅಡ್ಡಕೋಲನ್ನು ಹಿಡಿದು ಜಗ್ಗಿದರು. ಎರಡು ದಾರ ಬಿಗಿಯಾದವು, ಪಟ ಮತ್ತೆ ಗಾಳಿ ಕುಡಿದು ಎದ್ದಿತು, ಗೃಹಸ್ಥರು ಕೆಸರಿನಲ್ಲಿ ಮುಖ ಅಡಿ ಮಾಡಿ ಬಿದ್ದರು. ಮಂದಿ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ಕಾಕಾರ ಮಾತೇ ಕಿವಿಯಲ್ಲಿ. ಇನ್ನೊಂದು ಕೈ ಮುರಿದಿದ್ದರೆ? ಕೈ ಮುಗಿದೆ, ಬೈದೆ, ಹಗ್ಗ ಕಟ್ಟಿ ಅಡ್ಡ ನಿಂತೆ. ಮತ್ತೆ ಓಡಿ ಬಂದರು. ಹರಿದ ಪತಂಗದ ಮುಂದೆ ಹಗ್ಗ ಯಾವ ಲೆಕ್ಕ?

ಆ ಹೊತ್ತಿಗೆ ಗೋಕಾಕದವನು ಕೊರಳಿಗೆ ಕೈ ಕಟ್ಟಿಕೊಂಡು ಬಂದಿದ್ದ. ಮನೆಯಲ್ಲಿ ಕೂತು ಬೇಸರವಾಗಿತ್ತಂತೆ. ನನ್ನ ಗೋಳು ನೋಡುತ್ತ ಒಡ್ಡಿನ ಮೇಲೆ ಕೂತಿದ್ದವನು ಹುಡುಗಿಯ ಮಣಿಕಟ್ಟಿನ ಪಟ್ಟಿಯನ್ನೇ ದಿಟ್ಟಿಸಿ, "ಸರ್, ಆ ದಾರ ಯಾವಾಗ್ಲೂ ಆಕಿ ಕೈಯಾಗಽ ಇರ್ತೈತೇನು?" ಎಂದು ಕೇಳಿದ.

"ಇರ್ತದ. ಕೋಲು ಬಿಟ್ಟರೂ ಇರ್ತದ."

"ಹಂಗಾದ್ರ ಅದು ಹರದ ಪತಂಗ ಹೆಂಗಾತ್ರಿ?" ಎಂದು ಎದ್ದು ನಿಂತ.

ಅವರ ಅಂಗಡಿಯ ಕೆಂಪು ಬಟ್ಟೆಯ ತುಂಡೊಂದನ್ನು ಮರುದಿನ ಅವನೇ ತಂದ. ಅದನ್ನು ಮಣಿಕಟ್ಟಿನ ಪಟ್ಟಿಗೆ ಕಟ್ಟಿದೆವು, ದೂರದಿಂದಲೂ ಕಾಣುವ ಹಾಗೆ. ಅವಳು ಕೋಲು ಬಿಟ್ಟು ಪಟ ಬೀಳುತ್ತಲೇ ಮಂದಿ ಎದ್ದರು. ಇವನು ಒಡ್ಡಿನ ಮೇಲೆ ನಿಂತು ಸರಿಯಿದ್ದ ಒಂದು ಕೈ ಎತ್ತಿ ಗುಡುಗಿದ:

"ಏ! ಮುಟ್ಟಬ್ಯಾಡ್ರಿ! ಹರದಿಲ್ಲ ಅದು. ದಾರ ಆಕಿ ಕೈಯಾಗ ಐತಿ, ಕೆಂಪ ಕಾಣ್ಸಂಗಿಲ್ಲೇನು? ಕೈಯಾಗ ದಾರ ಇರೂತನಕ ಪತಂಗ ಆಕಿದು!"

ಮೀಸೆಯವರು ಅರ್ಧ ದಾರಿಯಲ್ಲಿ ನಿಂತರು. ಕೆಂಪು ಬಟ್ಟೆ ನೋಡಿದರು. "ಖರೆ ಐತಿ" ಎಂದು ಪಂಚೆ ಕೆಳಗೆ ಬಿಟ್ಟು ಹಿಂತಿರುಗಿದರು. ಅವರ ಹಿಂದೆ ಎಲ್ಲರೂ.

ಮಂದಿಗಿಂತ ಹೆಚ್ಚು ಬದಲಾದವಳು ಹುಡುಗಿ. ಆ ದಿನದಿಂದ ಅವಳ ಕೈ ತಡ ಮಾಡಲಿಲ್ಲ. ಯಾಕೆ ಎಂದು ಕೇಳಿದರೆ ಮಣಿಕಟ್ಟು ತೋರಿಸಿ, "ಬಿಟ್ರೂ ಸೋತಂಗಿಲ್ಲಲ್ರಿ" ಎಂದಳು. ಪಟ ಆರಿಸಿ ಆಯಿತು ಎಂದು ನನಗೆ ತಿಳಿದದ್ದು ಆಗ. ಆಮೇಲೆ ಉಳಿದದ್ದೆಲ್ಲ ಅವಳು ಬೇಗ ಕಲಿತಳು. ನೆತ್ತಿಯ ಮೇಲೆ ನಿಲ್ಲಿಸುವುದು, ಎಂಟರ ಅಂಕಿಯ ಹಾಗೆ ಅಡ್ಡ ತಿರುಗಿಸುವುದು, ಒಂದೇ ಕೈಯಲ್ಲಿ ಹಾರಿಸುತ್ತ ನಡೆಯುವುದು, ಎಲ್ಲ.

ಶ್ರಾವಣದಲ್ಲಿ ಮಾಲಕ ಜೀಪಿನಲ್ಲಿ ಬಂದ. ಬರಬಾರದ ದಿನವೇ ಬಂದ. ಗುಡ್ಡದ ಮೇಲೆ ಮೋಡ, ನಡುನಡುವೆ ಹನಿ, ಗಾಳಿ ಹುಚ್ಚು ಹಿಡಿದ ಹಾಗೆ. ನಾಳೆ ನೋಡೋಣವೇ ಎಂದು ಕೇಳಿದೆ. "ನಾಳೆ ಗಾಳಿ ನಿನ್ನ ಮಾತು ಕೇಳುತ್ತದಾ?" ಎಂದ.

ಹುಡುಗಿ ದಾರ ಹಾಸಿದಳು, ಮರಕ್ಕೆ ಕಟ್ಟಿ ಎಳೆದು ನೋಡಿದಳು, ಪಟ್ಟಿ ಬಿಗಿದುಕೊಂಡಳು. ಪಟ ಎದ್ದಿತು. ತಿರುಗಿಸಿದಳು, ಒಂದೇ ಕೈಯಲ್ಲಿ ಹಿಡಿದು ನಡೆದಳು. ಮಾಲಕ ಅವಳ ಬೆನ್ನ ಹಿಂದೆ ನಿಂತಿದ್ದವನು ಇದ್ದಕ್ಕಿದ್ದಂತೆ "ಬಿಡು!" ಎಂದ. ಅವನ ಬಾಯಿ ಮುಚ್ಚುವುದರೊಳಗೆ ಕೋಲು ಅವಳ ಕೈಯಲ್ಲಿರಲಿಲ್ಲ. ಪಟ ಮಡಚಿ ದಂಡೆಯ ನೀರಿನಲ್ಲಿ ಬಿತ್ತು. ದಂಡೆಯ ಮೇಲೆ ಇಡೀ ದಡ್ಡಿಯೇ ಸೇರಿತ್ತು. ಒಬ್ಬರೂ ಓಡಲಿಲ್ಲ. ಮಾಲಕ ಮಂದಿಯನ್ನೂ, ಆ ಕೆಂಪು ಬಟ್ಟೆಯನ್ನೂ ಒಂದು ಗಳಿಗೆ ನೋಡಿದ.

ಮುಗಿಯಿತು ಎಂದುಕೊಂಡೆ. ಅವನು ನನ್ನ ಕಡೆ ತಿರುಗಿ, "ಈಗ ನೀನು" ಎಂದ.

ಭುಜ ಹೋದ ಮೇಲೆ ಯಾರ ಎದುರಿಗೂ ನಾನು ಹಾರುವ ಪಟ ಹಿಡಿದಿರಲಿಲ್ಲ. ಒಬ್ಬನೇ ಇದ್ದಾಗ, ಗಾಳಿ ಮೆತ್ತಗಿದ್ದಾಗ ಹಿಡಿದದ್ದು ಬೇರೆ. ಹುಡುಗಿ ಪಟ್ಟಿ ಬಿಚ್ಚಿ ನನ್ನ ಮಣಿಕಟ್ಟಿಗೆ ಕಟ್ಟಿದಳು. ಪಟ ಎಬ್ಬಿಸಿದೆ. ಎಡಗೈಯಲ್ಲೇ ಹೆಚ್ಚು ಭಾರ ಹಿಡಿದು ನೆತ್ತಿಗೆ ತಂದೆ. ಮಾಲಕ ತೋಳು ಕಟ್ಟಿ ನೋಡುತ್ತಿದ್ದ. ಗುಡ್ಡದ ಆಚೆಯಿಂದ ಮಳೆಯ ಸದ್ದಿನ ಜೊತೆಗೇ ಹೊಡೆತ ಬಂತು. ಪಟ ಜಾರಿ ಎದುರಿಗೆ ಬಂತು, ಎಳೆಯಿತು. ಬಲಭುಜದಲ್ಲಿ ಆ ಹಳೆಯ ನೋವು, ಕೀಲು ಜಾರುವ ಮೊದಲಿನ ನೋವು, ಎದ್ದಿತು. ಬಿಡಬೇಕು ಎಂದು ಗೊತ್ತು. ಇಷ್ಟು ದಿನ ಬಾಯಿ ಒಣಗುವ ತನಕ ಹೇಳಿದವನೇ ನಾನು. ಆದರೆ ತಲೆಯಲ್ಲಿ ಒಂದೇ ಮಾತು: ಅವನು ನೋಡುತ್ತಿದ್ದಾನೆ, ಬಿಟ್ಟರೆ ನಾನು ಕೆಲಸಕ್ಕೆ ಬಾರದವನು. ಕಾಲು ಕೆಸರಿನಲ್ಲಿ ಜಾರತೊಡಗಿತು. ಬೆರಳು ಬಿಗಿಯಾಯಿತು.

"ಸರ್, ಬಿಡ್ರಿ!" ಎಂದು ಹುಡುಗಿ ಕೂಗಿದಳು. "ದಾರ ನಿಮ್ಮ ಕೈಯಾಗ ಐತಿ! ಬಿಡ್ರಿ!"

ಕೆಂಪು ಬಟ್ಟೆ ನನ್ನ ಕಣ್ಣ ಮುಂದೆಯೇ ಪಟಪಟ ಬಡಿದುಕೊಳ್ಳುತ್ತಿತ್ತು. ಬೆರಳು ತೆರೆದೆ.

ಎಳೆತ ನಿಂತುಹೋಯಿತು. ಪಟ ಹಿಂದಿನಿಂದ ಮಡಚಿಕೊಂಡು ನೀರಿನ ಅಂಚಿಗೆ ಬಿತ್ತು. ಭುಜ ಮುಟ್ಟಿ ನೋಡಿಕೊಂಡೆ, ಇದ್ದಲ್ಲೇ ಇತ್ತು. ಒಡ್ಡಿನ ಮೇಲಿಂದ ಯಾರೂ ನಗಲಿಲ್ಲ. ಅಲ್ಲೇ ಕೂತು ನೋಡುತ್ತಿದ್ದ ಕಾಕಾ ಮೋಡದ ಕಡೆ ಮುಖ ಎತ್ತಿ, ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕೆಂದು ಮನೆಗೆ ಹೊರಟರು. ಹೋಗುವಾಗ ನನ್ನ ಬೆನ್ನ ಮೇಲೆ ಒಮ್ಮೆ ಕೈಯಿಟ್ಟರು.

ಮಾಲಕ ಗೋಣಿಚೀಲ ಬಿಚ್ಚಿ ಸಣ್ಣ ಪಟವನ್ನೂ ದೊಡ್ಡ ಪಟವನ್ನೂ ತೆಗೆದು ಜೀಪಿನ ಹಿಂದೆ ಎಸೆದ. ಬರಿದಾದ ಚೀಲವನ್ನು ನನ್ನ ಕಾಲ ಹತ್ತಿರ ಹಾಕಿದ. ಜೀಪು ಹತ್ತಿ, ಚಾವಿ ತಿರುಗಿಸಿ, ನೀರಿನಲ್ಲಿ ಬಿದ್ದಿದ್ದ ಮೂರನೆಯದರ ಕಡೆ ಗೋಣು ಮಾಡಿ ತೋರಿಸಿದ.

"ಒಣಗಿಸಿ ಮಡಚು" ಎಂದ. "ನಾಳೆ ಬೇಕಾಗುತ್ತದೆ."